ಕಟ್ಟಡವನ್ನೂ ಹೊತ್ತು ತರುವ ರೇಡಿಯೊ

1939ರ ಏಪ್ರಿಲ್ 2, ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ. ಆಮ್‌ಸ್ಟರ್‌ಡ್ಯಾಮಿನ ಕಾನ್ಸರ್ಟ್‌ಖೆಬೌ ಸಭಾಂಗಣದಲ್ಲಿ ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ನಡೆಯುತ್ತಿದೆ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಮತ್ತಾಯನ ಸುವಾರ್ತೆಯಿಂದ ಎತ್ತಿಕೊಂಡು ಎರಡು ಗಾಯಕವೃಂದ, ಎರಡು ವಾದ್ಯವೃಂದಗಳಿಗಾಗಿ ಬರೆದ ಮೂರು ಗಂಟೆಯಷ್ಟು ದೀರ್ಘವಾದ ಕೃತಿ ಇದು. ನಿರ್ದೇಶಕ ವಿಲೆಮ್ ಮೆಂಗಲ್‌ಬರ್ಗ್ 1899ರಿಂದಲೂ ಗರಿಗಳ ಭಾನುವಾರ ಬಂತೆಂದರೆ ಇಲ್ಲಿ ಇದನ್ನೇ ನಡೆಸಿಕೊಂಡು ಬಂದವರು. ಅಂದು ಆವ್ರೊ ಎಂಬ ಡಚ್ ರೇಡಿಯೊ ಸಂಸ್ಥೆ ಅದನ್ನು ನೇರ ಪ್ರಸಾರ ಮಾಡಿತು.

ಪ್ರಸಾರವಾದದ್ದು ಗಾಳಿಯಲ್ಲಿ ಕರಗಿಹೋಗಬೇಕಿತ್ತು. ಹಾಗಾಗದಂತೆ ಉಳಿಸಿದ್ದು ಫಿಲಿಪ್ಸ್-ಮಿಲ್ಲರ್ ಎಂಬ ಯಂತ್ರ. ಸಿನಿಮಾ ರೀಲಿನಂಥ ಪಟ್ಟಿ, ಅದರ ಮೇಲೆ ಜೆಲಟಿನ್ ಪದರ, ಅದರ ಮೇಲೆ ತೆಳ್ಳನೆಯ ಕರಿ ಲೇಪ. ಧ್ವನಿಗೆ ತಕ್ಕಂತೆ ಮೇಲೆ ಕೆಳಗೆ ಆಡುವ ನೀಲಮಣಿಯ ಮೊನೆಯೊಂದು ಆ ಲೇಪವನ್ನು ಕೆತ್ತುತ್ತ ಹೋಗುತ್ತದೆ. ಮೊನೆಯ ಕೋನ 174 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಚಪ್ಪಟೆ. ಹಾಗಾಗಿ ಅದು ಕೂದಲೆಳೆಯಷ್ಟು ಕೆಳಗಿಳಿದರೂ ಕೆತ್ತಿದ ಗೆರೆ ಅದರ ನಲವತ್ತು ಪಟ್ಟು ಅಗಲವಾಗುತ್ತದೆ. ಆ ಪಾರದರ್ಶಕ ಗೆರೆಯ ಮೂಲಕ ಬೆಳಕು ಹಾಯಿಸಿ ಧ್ವನಿಯನ್ನು ಮರಳಿ ಪಡೆಯಬಹುದು. ನಾಲ್ಕೈದು ನಿಮಿಷಕ್ಕೆ ಮುಗಿದುಹೋಗುವ ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಇದು ದೊಡ್ಡ ಸೌಲಭ್ಯ. ಆ ಪಟ್ಟಿಯ ದೆಸೆಯಿಂದ ಅಂದಿನ ಪ್ರಸಾರವನ್ನು ನಾವು ಇಂದೂ ಕೇಳಬಹುದು.

ಕೇಳಿದರೆ ಕೊರತೆಗಳು ಎದ್ದು ಕಾಣುತ್ತವೆ. ಎರಡು ವೃಂದಗಳೂ ಒಂದೇ ಬಿಂದುವಿನಿಂದ ಬರುತ್ತವೆ. ವ್ಯಂಜನಗಳ ಮೊನೆ ಸವೆದಿದೆ. ಆದರೂ ಮೊದಲ ನಿಮಿಷದಲ್ಲೇ ಒಂದು ಸಂಗತಿ ಖಚಿತವಾಗುತ್ತದೆ: ಇದು ದೊಡ್ಡ ಕೋಣೆ, ಎತ್ತರದ ಛಾವಣಿ, ತುಂಬಿದ ಸಭೆ. ವೃಂದಗಾನದ ಪ್ರಸಾರದಲ್ಲಿ ರೇಡಿಯೊ ಹಾಡಿನ ಜೊತೆಗೆ ಹಾಡು ನಡೆದ ಕಟ್ಟಡವನ್ನೂ ಹೊತ್ತು ತರುತ್ತದೆ. ಧ್ವನಿವಿಜ್ಞಾನದ ದೃಷ್ಟಿಯಿಂದ ನೋಡಿದರೆ ತರುವುದರಲ್ಲಿ ದೊಡ್ಡ ಪಾಲು ಕಟ್ಟಡದ್ದೇ. ಹೇಗೆಂದು ಗಾಯಕರ ಗಂಟಲಿನಿಂದ ಕೇಳುಗರ ಕಿವಿಯವರೆಗೆ ಹಂತ ಹಂತವಾಗಿ ನೋಡೋಣ.

ಹತ್ತು ಪಟ್ಟು ಜನ, ಎರಡು ಪಟ್ಟು ಸದ್ದು

ಲೈಪ್‌ಜಿಗ್‌ನ ಸೇಂಟ್ ಥಾಮಸ್ ಚರ್ಚಿನಲ್ಲಿ 1727ರ ಶುಭ ಶುಕ್ರವಾರ ಈ ಕೃತಿ ಮೊದಲು ಕೇಳಿಬಂದಾಗ ಎಷ್ಟು ಜನ ಹಾಡಿದ್ದರು? 1730ರಲ್ಲಿ ಬಾಖ್ ನಗರಸಭೆಗೆ ಕೊಟ್ಟ ಮನವಿಯಲ್ಲಿ ಒಂದೊಂದು ವೃಂದಕ್ಕೆ ಕನಿಷ್ಠ 12, ಸಾಧ್ಯವಾದರೆ 16 ಗಾಯಕರು ಬೇಕೆಂದು ಕೇಳಿದ್ದಾನೆ. ಇದು ಸರದಿಯಲ್ಲಿ ಹಾಡುವವರನ್ನೂ ಸೇರಿಸಿ ಹೇಳಿದ ಲೆಕ್ಕ, ನಿಜಕ್ಕೂ ಒಂದು ಸ್ವರಭಾಗಕ್ಕೆ ಒಬ್ಬನೇ ಹಾಡುತ್ತಿದ್ದ ಎಂದು 1981ರಲ್ಲಿ ಅಮೆರಿಕದ ಸಂಗೀತಜ್ಞ ಜೋಶುವಾ ರಿಫ್ಕಿನ್ ವಾದ ಹೂಡಿದರು. ಆ ಜಗಳ ಇನ್ನೂ ಪೂರ್ತಿ ತಣ್ಣಗಾಗಿಲ್ಲ. ಮೆಂಗಲ್‌ಬರ್ಗ್ ಕಾಲಕ್ಕೆ ಮಾತ್ರ ವೇದಿಕೆಯ ಮೇಲೆ ನೂರಾರು ಜನ ನಿಲ್ಲುವುದು ವಾಡಿಕೆಯಾಗಿತ್ತು.

ಜನ ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತದೆ ಎಂಬ ಅಂದಾಜು ಇಲ್ಲಿ ಕೈಕೊಡುತ್ತದೆ. ಇಬ್ಬರು ಒಂದೇ ಸ್ವರ ಹಾಡಿದರೂ ಅವರ ಧ್ವನಿ ಅಲೆಗಳು ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಯುವುದಿಲ್ಲ. ಹಾಗಾಗಿ ಗಾಯಕರ ಸಂಖ್ಯೆ ಇಮ್ಮಡಿಯಾದಾಗ ಏರುವುದು 3 ಡೆಸಿಬೆಲ್ ಮಾತ್ರ. 16 ಜನರ ಬದಲು 160 ಜನ ನಿಂತರೆ 10 ಡೆಸಿಬೆಲ್. ನಮ್ಮ ಕಿವಿ 10 ಡೆಸಿಬೆಲ್ ಏರಿಕೆಯನ್ನು ಸುಮಾರು ಎರಡು ಪಟ್ಟು ಜೋರು ಎಂದು ಗ್ರಹಿಸುತ್ತದೆ. ಹತ್ತು ಪಟ್ಟು ಜನರನ್ನು ಕರೆತಂದರೂ ಸಿಗುವುದು ಎರಡು ಪಟ್ಟು ಸದ್ದು.

ಜನ ಹೆಚ್ಚಿದಾಗ ನಿಜವಾಗಿ ಬದಲಾಗುವುದು ಸದ್ದಿನ ಮೈಕಟ್ಟು. 440 ಹರ್ಟ್ಸ್ ಸ್ವರವನ್ನು ಒಬ್ಬಳು ಸರಿಯಾಗಿ ಹಿಡಿದು, ಪಕ್ಕದವಳು ಒಂದು ಅರ್ಧಸ್ವರದ ಹತ್ತನೇ ಒಂದರಷ್ಟು ಮೇಲೆ ಹಾಡಿದರೆ ಇಬ್ಬರ ನಡುವೆ ಎರಡೂವರೆ ಹರ್ಟ್ಸ್ ಅಂತರ. ಆಗ ಸೆಕೆಂಡಿಗೆ ಎರಡು-ಮೂರು ಬಾರಿ ಸದ್ದು ಏರಿ ಇಳಿಯುತ್ತದೆ. ಇಬ್ಬರಿದ್ದರೆ ಈ ತೊನೆತ ಎಣಿಸುವಷ್ಟು ಸ್ಪಷ್ಟ. ಮೂವತ್ತು ಜನರಾದರೆ ನೂರಾರು ಜೋಡಿಗಳ ತೊನೆತಗಳು ಒಂದರ ಮೇಲೊಂದು ಬಿದ್ದು, ಯಾರದೆಂದು ಹೇಳಲಾಗದ, ಒಳಗೊಳಗೇ ಮಿನುಗುವ ಒಂದೇ ದನಿಯಾಗುತ್ತದೆ. ವೃಂದವೆಂದು ನಮಗನ್ನಿಸುವುದು ಈ ಸಣ್ಣ ಸಣ್ಣ ಅಪಶ್ರುತಿಗಳಿಂದಲೇ. ಗಣಕದಲ್ಲಿ ಒಬ್ಬಳದೇ ದನಿಯನ್ನು ಮೂವತ್ತು ಬಾರಿ ಕರಾರುವಾಕ್ಕಾಗಿ ಕೂಡಿಸಿದರೆ ಬರುವುದು ವೃಂದವಲ್ಲ, ಗಟ್ಟಿಯಾಗಿ ಹಾಡುವ ಒಬ್ಬಳೇ.

ಒಂಟಿ ಗಾಯಕರ ದಾರಿ ಬೇರೆ. ತರಬೇತಿ ಪಡೆದ ಪಾಶ್ಚಾತ್ಯ ಗಾಯಕ ಗಂಟಲನ್ನು ಹದಗೊಳಿಸಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಶಕ್ತಿಯನ್ನು ಒಟ್ಟುಮಾಡುತ್ತಾನೆ. ವಾದ್ಯವೃಂದದ ಸದ್ದು ಅಲ್ಲಿಗಾಗಲೇ ಇಳಿಮುಖವಾಗಿರುತ್ತದೆ. ನಮ್ಮ ಕಿವಿಯ ನಾಳ ಅನುನಾದಿಸುವುದೂ ಅಲ್ಲೇ. ಸ್ಟಾಕ್‌ಹೋಮಿನ ವಿಜ್ಞಾನಿ ಯೊಹಾನ್ ಸುಂಡ್‌ಬರ್ಗ್ ವಿವರವಾಗಿ ಅಳೆದು ತೋರಿಸಿದ ಸಂಗತಿ ಇದು. ವೃಂದದಲ್ಲಿ ನಿಂತಾಗ ಅದೇ ಗಾಯಕ ಆ ಹೊಳಪನ್ನು ತಗ್ಗಿಸಿ ಹಾಡುತ್ತಾನೆ, ಇಲ್ಲದಿದ್ದರೆ ಬೆರೆಯುವುದಿಲ್ಲ. ಕಥೆ ಹೇಳುವ ಟೆನರ್ ಗಾಯಕನ ಮಾತು ಅಂಗೈಯಗಲದ ರೇಡಿಯೊದಲ್ಲೂ ತಿಳಿಯಾಗಿ ಕೇಳಿ, ವೃಂದದ ಮಾತು ಕಲಸಿದಂತಾಗುವುದಕ್ಕೆ ಇದೂ ಒಂದು ಕಾರಣ.

ಕುಶನ್ ಹೊತ್ತ ಪ್ರೊಫೆಸರ್

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಪಾಠ ಮಾಡಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಆಡಿದ ಒಂದು ಮಾತು ಐದೂವರೆ ಸೆಕೆಂಡು ಗೋಡೆಗಳ ನಡುವೆ ಸುತ್ತಾಡಿ, ಮುಂದಿನ ಹತ್ತಾರು ಮಾತುಗಳನ್ನು ನುಂಗುತ್ತಿತ್ತು. ಸರಿಪಡಿಸುವ ಹೊಣೆ ವ್ಯಾಲೇಸ್ ಕ್ಲೆಮೆಂಟ್ ಸ್ಯಾಬಿನ್ ಎಂಬ ತರುಣ ಭೌತವಿಜ್ಞಾನಿಯ ಹೆಗಲಿಗೆ ಬಿತ್ತು. ಅವರು ಹತ್ತಿರದ ಸ್ಯಾಂಡರ್ಸ್ ಥಿಯೇಟರ್‌ನ ಕುರ್ಚಿಗಳ ಕುಶನ್‌ಗಳನ್ನು ರಾತ್ರಿ ಹೊತ್ತು ತರಿಸಿ ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಬರಿಗಿವಿಯಿಂದ ಅಳೆದರು. ಬೆಳಗಾಗುವ ಮೊದಲು ಕುಶನ್‌ಗಳು ಸ್ವಸ್ಥಾನಕ್ಕೆ ಮರಳುತ್ತಿದ್ದವು.

ಈ ರಾತ್ರಿಪಾಳಿಯಿಂದ ಹೊರಟ ಸೂತ್ರ ಸರಳ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನದ ಅವಧಿ ಸೆಕೆಂಡುಗಳಲ್ಲಿ ಸಿಗುತ್ತದೆ. ಸದ್ದು 60 ಡೆಸಿಬೆಲ್ ಇಳಿಯಲು, ಅಂದರೆ ಅದರ ಶಕ್ತಿ ಹತ್ತು ಲಕ್ಷದ ಒಂದು ಪಾಲಾಗಲು, ಹಿಡಿಯುವ ಹೊತ್ತು ಅದು. ಕಾನ್ಸರ್ಟ್‌ಖೆಬೌಗೆ ಲೆಕ್ಕ ಹಾಕೋಣ. ಒಳಗಿನ ಅಳತೆ ಸುಮಾರು 18,800 ಘನ ಮೀಟರ್, ಸಭೆ ತುಂಬಿದಾಗ ಅನುರಣನ ಸುಮಾರು 2 ಸೆಕೆಂಡು. ಹಾಗಾದರೆ ಹೀರುವ ವಿಸ್ತೀರ್ಣ ಸುಮಾರು 1,500 ಚದರ ಮೀಟರ್ ಇರಬೇಕು. ಅದರಲ್ಲಿ ಸಿಂಹಪಾಲು ಎರಡು ಸಾವಿರ ಶ್ರೋತೃಗಳ ಮೈ ಮತ್ತು ಬಟ್ಟೆಯದು. ಕುರ್ಚಿಗಳು ಖಾಲಿಯಿದ್ದರೆ ಅದೇ ಸಭಾಂಗಣದ ಅನುರಣನ ಎರಡೂವರೆ ಸೆಕೆಂಡಿನಾಚೆ ಹೋಗುತ್ತದೆ. ಖಾಲಿ ಸಭಾಂಗಣದಲ್ಲಿ ಮುದ್ರಿಸಿದ ಡಿಸ್ಕಿಗೂ ತುಂಬಿದ ಸಭೆಯಿಂದ ಬರುವ ಪ್ರಸಾರಕ್ಕೂ ಇರುವ ವ್ಯತ್ಯಾಸ ಕೆಮ್ಮು-ಚಪ್ಪಾಳೆಗಳದ್ದಷ್ಟೇ ಅಲ್ಲವೆಂದಾಯಿತು. ಜನ ಉಸಿರು ಬಿಗಿಹಿಡಿದು ಕೂತರೂ ಕೋಟು-ಶಾಲುಗಳು ಕೆಲಸ ಮಾಡುತ್ತಲೇ ಇರುತ್ತವೆ.

ಈ ಲೆಕ್ಕವನ್ನು ಬಾಖ್‌ನ ಚರ್ಚಿಗೆ ಒಯ್ದವರು ಇಂಗ್ಲೆಂಡಿನ ವಾಸ್ತುಶಿಲ್ಪಿ ಹೋಪ್ ಬ್ಯಾಗನಲ್. ಕ್ರೈಸ್ತ ಸುಧಾರಣಾ ಚಳವಳಿಯ ನಂತರ ಸೇಂಟ್ ಥಾಮಸ್ ಚರ್ಚಿನಲ್ಲಿ ಪ್ರವಚನಕ್ಕೆ ಪ್ರಾಶಸ್ತ್ಯ ಬಂತು. ಮಾತು ಕೇಳಿಸಲೆಂದು ಮರದ ಉಪ್ಪರಿಗೆಗಳೂ ಆಸನಗಳೂ ಬಂದವು. ಮರದ ತೆಳು ಹಲಗೆ ಮಂದ್ರಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ಬಾಖ್‌ನ ಕಾಲದಲ್ಲಿ ಭಕ್ತರು ನೆರೆದಾಗ ಅಲ್ಲಿನ ಅನುರಣನ ಸುಮಾರು 1.6 ಸೆಕೆಂಡು ಇದ್ದಿರಬೇಕೆಂದು ಬ್ಯಾಗನಲ್ ಅಂದಾಜಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ ಖಾಲಿಯಿರುವಾಗ ಹತ್ತು ಸೆಕೆಂಡು ದಾಟುತ್ತದೆ. ಅಂಥ ಕಡೆ ನಿಧಾನವಾಗಿ ತೆರೆದುಕೊಳ್ಳುವ ಸ್ವರಗಳು ಭವ್ಯವಾಗಿ ಕೇಳಿಸಿದರೆ, ಎಂಟು ದನಿಗಳು ಒಂದನ್ನೊಂದು ಬೆನ್ನಟ್ಟುವ ಬಾಖ್‌ನ ವೇಗದ ಹೆಣಿಗೆ ಗೋಜಲಾಗುತ್ತದೆ. ಮೇಸ್ತ್ರಿಗಳೂ ಬಡಗಿಗಳೂ ಸಂಗೀತದ ಇತಿಹಾಸದಲ್ಲಿ ತಮ್ಮ ಪಾಲು ಬರೆದಿದ್ದಾರೆ. 1930ರ ದಶಕದಲ್ಲಿ ನಿರ್ದೇಶಕ ಕಾರ್ಲ್ ಸ್ಟ್ರಾಬೆ ಮತ್ತು ಥಾಮಸ್ ಚರ್ಚಿನ ಬಾಲಕರ ವೃಂದ ಬಾಖ್‌ನ ಕ್ಯಾಂಟಾಟಾ ಎಂಬ ಚರ್ಚ್ ಗಾನಕೃತಿಗಳನ್ನು ಭಾನುವಾರಗಳಂದು ಜರ್ಮನ್ ರೇಡಿಯೊದಲ್ಲಿ ಹಾಡಿದಾಗ, ಬರೆದ ಊರಿನಿಂದಲೇ ಆ ಹಾಡುಗಳು ದೇಶಕ್ಕೆಲ್ಲ ಕೇಳಿಸಿದವು.

ಮೈಕನ್ನು ಎಲ್ಲಿ ತೂಗುಹಾಕಬೇಕು?

ನಮ್ಮ ಕರ್ನಾಟಕ ಸಂಗೀತ ಕಛೇರಿಯಲ್ಲಿ ಮೈಕು ಗಾಯಕರ ಬಾಯಿಯ ಹತ್ತಿರವೇ ಇರುತ್ತದೆ, ಸಭಾಂಗಣದ ಹಂಗು ಅದಕ್ಕೆ ಕಡಿಮೆ. ವೃಂದಗಾನಕ್ಕೆ ಹಾಗೆ ಮಾಡಿದರೆ ಮುಂದಿನ ಸಾಲಿನ ನಾಲ್ವರು ಬೇರೆ ಬೇರೆಯಾಗಿ ಕೇಳಿ ವೃಂದವೇ ಒಡೆದುಹೋಗುತ್ತದೆ. ದೂರ ಎಷ್ಟಿರಬೇಕು? ಇದಕ್ಕೂ ಒಂದು ಲೆಕ್ಕವಿದೆ. ಕೋಣೆಯ ಘನ ಅಳತೆಯನ್ನು ಅನುರಣನದ ಅವಧಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 0.057ರಿಂದ ಗುಣಿಸಿದರೆ ನೇರ ಸದ್ದೂ ಗೋಡೆಗಳಿಂದ ಮರಳುವ ಸದ್ದೂ ಸರಿಸಮವಾಗುವ ದೂರ ಬರುತ್ತದೆ. ಕಾನ್ಸರ್ಟ್‌ಖೆಬೌದಲ್ಲಿ ಅದು ಸುಮಾರು ಐದೂವರೆ ಮೀಟರ್. ಬಾಯಿ ಮುಂದಕ್ಕೇ ಹೆಚ್ಚು ಸದ್ದು ಚೆಲ್ಲುವುದರಿಂದ ಇನ್ನೊಂದೆರಡು ಮೀಟರ್ ಸೇರಿಸಿಕೊಳ್ಳಬಹುದು. ಸಭಾಂಗಣದ ಉದ್ದ 44 ಮೀಟರ್! ಟಿಕೆಟ್ ಕೊಂಡು ಕೂತವರಲ್ಲಿ ಬಹುಪಾಲು ಜನರಿಗೆ ಗಾಯಕರಿಗಿಂತ ಗೋಡೆಗಳೇ ಹೆಚ್ಚು ಕೇಳಿಸುತ್ತವೆ.

ರೇಡಿಯೊ ಎಂಜಿನಿಯರ್ ಮುಖ್ಯ ಮೈಕುಗಳನ್ನು ಈ ಗಡಿಯ ಆಸುಪಾಸಿನಲ್ಲಿ, ನಿರ್ದೇಶಕರ ತಲೆಯ ಮೇಲೆ ತೂಗುಹಾಕುತ್ತಾರೆ. ಒಂದು ಮೀಟರ್ ಹಿಂದೆ ಸರಿಸಿದರೆ ಮಾತು ಮಸುಕು, ಒಂದು ಮೀಟರ್ ಮುಂದೆ ಸರಿಸಿದರೆ ಛಾವಣಿ ಮಾಯ. ಮೈಕುಗಳು ಎರಡಾದದ್ದರ ಹಿಂದೆ ಬ್ರಿಟನ್ನಿನ ಎಂಜಿನಿಯರ್ ಆ್ಯಲನ್ ಬ್ಲಮ್ಲೈನ್ ಇದ್ದಾರೆ. 1931ರಲ್ಲಿ ಅವರು ಸಲ್ಲಿಸಿದ ಪೇಟೆಂಟ್ ಇಂದಿನ ಸ್ಟೀರಿಯೊಗೆ ತಳಹದಿ. ಒಂದೇ ಜಾಗದಲ್ಲಿ ಅಡ್ಡಡ್ಡವಾಗಿ ಜೋಡಿಸಿದ ಎರಡು ಮೈಕುಗಳು ಎಡ-ಬಲದ ಸದ್ದಿನ ಏರುಪೇರನ್ನು ಹಿಡಿಯುತ್ತವೆ. ಮನೆಯ ಎರಡು ಸ್ಪೀಕರ್‌ಗಳ ನಡುವೆ ಮಿದುಳು ಅದನ್ನು ಮತ್ತೆ ದಿಕ್ಕಾಗಿ ಓದಿಕೊಳ್ಳುತ್ತದೆ. ‘ಮ್ಯಾಥ್ಯೂ ಪ್ಯಾಶನ್’ಗೆ ಇದು ಅಲಂಕಾರವಲ್ಲ. ಆರಂಭದ ಹಾಡಿನಲ್ಲಿ ಒಂದು ವೃಂದ ಕರೆಯುತ್ತದೆ, ಎದುರಿನದು ಪ್ರಶ್ನೆ ಕೇಳುತ್ತದೆ, ಇಬ್ಬರ ನಡುವಿನಿಂದ ಬಾಲಕರ ದನಿಗಳು ಬೇರೆಯೇ ಒಂದು ಸ್ತೋತ್ರವನ್ನು ಎತ್ತುತ್ತವೆ. ಒಂದೇ ವಾಹಿನಿಯ ಮಾನೊದಲ್ಲಿ ಈ ಸಂವಾದ ಸ್ವಗತವಾಗುತ್ತದೆ.

‘ಬರಬ್ಬ!’

ಕೃತಿಯ ಎರಡನೇ ಭಾಗದಲ್ಲಿ ಒಂದು ಕ್ಷಣವಿದೆ. ಯೇಸು, ಬರಬ್ಬ ಎಂಬ ಸೆರೆಯಾಳು ಇಬ್ಬರಲ್ಲಿ ಯಾರನ್ನು ಬಿಡಲಿ ಎಂದು ರೋಮನ್ ಅಧಿಕಾರಿ ಪಿಲಾತ ಜನರನ್ನು ಕೇಳುತ್ತಾನೆ. ಕಥೆಗಾರ ಎರಡು ಮಾತು ಹಾಡುತ್ತಾನೆ, ಹಿಂದೆ ಆರ್ಗನ್ನಿನ ತೆಳು ಆಧಾರ. ತಟ್ಟನೆ ಎರಡೂ ವೃಂದಗಳು, ಎರಡೂ ವಾದ್ಯಗಣಗಳು ಒಂದೇ ಕರ್ಕಶ ಸ್ವರಗುಚ್ಛದಲ್ಲಿ ಸೆರೆಯಾಳಿನ ಹೆಸರನ್ನು ಚೀರುತ್ತವೆ. ಒಂದೇ ಪದ. ರೇಡಿಯೊದ ಪ್ರತಿಯೊಂದು ಕೊಂಡಿಗೂ ಇದು ಕಠಿಣ ಪರೀಕ್ಷೆ.

ಮೊದಲ ತೊಡಕು ಏರಿಳಿತದ್ದು. ಸಭಾಂಗಣದಲ್ಲಿ ಅತಿ ಮೆಲ್ಲನೆಯ ದನಿಗೂ ಅತಿ ಜೋರು ದನಿಗೂ 60-70 ಡೆಸಿಬೆಲ್ ಅಂತರವಿರಬಹುದು. ಮನೆಯಲ್ಲಿ ಫ್ಯಾನು, ಬೀದಿ, ಕುಕ್ಕರ್ ಸೇರಿ 45 ಡೆಸಿಬೆಲ್ ಆಗಲೇ ಇರುತ್ತದೆ. ಜೋರಾದದ್ದನ್ನು 80ರಲ್ಲಿ ನಿಲ್ಲಿಸಿದರೂ ಉಳಿಯುವುದು 35. ಅದಕ್ಕೇ ನೇರ ಪ್ರಸಾರದ ಎಂಜಿನಿಯರ್ ಎದುರಿಗೆ ಸ್ವರಲಿಪಿ ತೆರೆದಿರುತ್ತದೆ. ಚೀತ್ಕಾರ ಬರುವ ಹಲವು ಸಾಲು ಮೊದಲೇ ಅವರು ಯಾರಿಗೂ ತಿಳಿಯದಷ್ಟು ನಿಧಾನವಾಗಿ ಧ್ವನಿಮಟ್ಟ ಇಳಿಸುತ್ತ ಬರುತ್ತಾರೆ. ಚೀತ್ಕಾರ ಬಂದಾಗ ಅದಕ್ಕೆ ಮೇಲೇಳಲು ಜಾಗವಿರುತ್ತದೆ. ಈ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಅದು ಸದ್ದು ಬಂದ ಮೇಲೆ ಅದುಮಿ, ಸದ್ದು ನಿಂತ ಮೇಲೆ ಎತ್ತುತ್ತದೆ. ಆಗ ಅನುರಣನ ಇಳಿಯುವ ಬದಲು ಉಬ್ಬಿಬಂದಂತೆ ಕೇಳುತ್ತದೆ.

ಎರಡನೆಯದು ಹರವು. ಮಧ್ಯಮ ತರಂಗದ ಒಂದೊಂದು ನಿಲ್ದಾಣಕ್ಕೆ ನಮ್ಮಲ್ಲೂ ಯುರೋಪಿನಲ್ಲೂ 9 ಕಿಲೊಹರ್ಟ್ಸ್ ಜಾಗ, ಅದರಲ್ಲಿ ಸರಾಗವಾಗಿ ಹಿಡಿಸುವುದು ನಾಲ್ಕೂವರೆ ಕಿಲೊಹರ್ಟ್ಸ್ ತನಕದ ಧ್ವನಿ. ‘ಸ’ಕಾರದ ಜೀವ ಅದಕ್ಕಿಂತ ಮೇಲಿದೆ. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟ್ ಪಡೆದ ಎಫ್‌ಎಂ ಈ ಮಿತಿಯನ್ನು 15 ಕಿಲೊಹರ್ಟ್ಸ್‌ಗೆ ಒಯ್ದಿತು. ಮುಂದೆ ಬಂದ ಸ್ಟೀರಿಯೊ ವ್ಯವಸ್ಥೆ ಜಾಣತನದ್ದು. ಎಡ-ಬಲಗಳ ಮೊತ್ತ ಮಾಮೂಲಿ ಜಾಗದಲ್ಲಿ ಹೋಗುತ್ತದೆ, ಹಳೆಯ ರೇಡಿಯೊಗೆ ಅಷ್ಟೇ ಸಾಕು. ಎಡ-ಬಲಗಳ ವ್ಯತ್ಯಾಸವನ್ನು 38 ಕಿಲೊಹರ್ಟ್ಸ್ ಮೇಲೆ ಕೂರಿಸಿ, ಗುರುತಿಗೆ 19 ಕಿಲೊಹರ್ಟ್ಸ್‌ನ ಕೇಳಿಸದ ಸ್ವರವೊಂದನ್ನು ಜೊತೆಗೆ ಕಳಿಸುತ್ತಾರೆ. ಎಫ್‌ಎಂನಲ್ಲಿ ಆವರ್ತನ ಮೇಲೇರಿದಷ್ಟೂ ಗೊರಗೊರ ಹೆಚ್ಚು. ಹಾಗಾಗಿ ಸಂಕೇತ ಕ್ಷೀಣಿಸಿದಾಗ ಮೊದಲು ಕೆಡುವುದು ಈ ವ್ಯತ್ಯಾಸದ ಭಾಗವೇ, ಅಂದರೆ ಕಟ್ಟಡದ ಅಗಲ. ಒಳ್ಳೆಯ ರೇಡಿಯೊ ಆಗ ತಾನಾಗಿ ಮಾನೊಗೆ ಜಾರುತ್ತದೆ.

ಮೂರನೆಯದು ನಮ್ಮ ಕಾಲದ್ದು. ಇಂಟರ್‌ನೆಟ್ ಪ್ರಸಾರದಲ್ಲಿ ಸಂಖ್ಯೆಗಳಾದ ಧ್ವನಿಯನ್ನು ಹಿಂಡಿ ಸಣ್ಣದಾಗಿಸಬೇಕು. ಜೋರಾದ ಸ್ವರದ ಪಕ್ಕದಲ್ಲಿರುವ ಮೆಲುದನಿ ಕಿವಿಗೆ ಕೇಳುವುದಿಲ್ಲ. ಕೇಳದ್ದನ್ನು ಒರಟಾಗಿ ಬರೆದುಕೊಂಡರೂ ನಡೆಯುತ್ತದೆ ಎಂಬುದು ಇದರ ತಂತ್ರ. ಎಎಸಿ ಎಂಬ ಪದ್ಧತಿ ಒಮ್ಮೆಗೆ 2,048 ಮಾದರಿಗಳನ್ನು, ಎಂದರೆ ಸುಮಾರು 43 ಮಿಲಿಸೆಕೆಂಡಿನ ಧ್ವನಿಯನ್ನು, ಒಂದು ಕಂತಾಗಿ ನೋಡುತ್ತದೆ. ಚೀತ್ಕಾರ ಕಂತಿನ ನಡುವೆ ಶುರುವಾದರೆ ಒರಟು ಬರವಣಿಗೆಯ ಕಲ್ಮಶ ಇಡೀ ಕಂತಿಗೆ ಹರಡಿ, ಚೀತ್ಕಾರಕ್ಕೂ ಮೊದಲೇ ಅದರ ನೆರಳು ಕೇಳುತ್ತದೆ. ಜೋರು ಸದ್ದು ತನಗಿಂತ ಮೊದಲಿನದನ್ನು ಮುಚ್ಚುವುದು ಕೆಲವೇ ಮಿಲಿಸೆಕೆಂಡುಗಳಷ್ಟು ಮಾತ್ರ. ಅದಕ್ಕೇ ಇಂಥ ಕಡೆ ಧ್ವನಿ ಹಿಂಡುವ ಎನ್‌ಕೋಡರ್ ಕಂತುಗಳನ್ನು ಎಂಟು ಚೂರು ಮಾಡಿಕೊಳ್ಳುತ್ತದೆ. ಸೆಕೆಂಡಿಗೆ 320 ಕಿಲೊಬಿಟ್ ಇದ್ದರೆ ಇದೆಲ್ಲಕ್ಕೂ ಅವಕಾಶವುಂಟು. 48ಕ್ಕೆ ಇಳಿಸಿದರೆ ಮೊದಲು ಬಲಿಯಾಗುವುದು ಯಾವ ಸ್ವರಕ್ಕೂ ಸೇರದ, ಮೆಲ್ಲಗೆ ಆರುತ್ತ ಹೋಗುವ ಅನುರಣನ. ಲೆಕ್ಕಕ್ಕೆ ಅದು ಬರೀ ಗದ್ದಲ, ಕಿವಿಗೆ ಅದೇ ಛಾವಣಿ.

ನೇರ ಎಂದರೆ ಎಷ್ಟು ನೇರ?

ವೇದಿಕೆಯ ಸದ್ದು ಸೆಕೆಂಡಿಗೆ 343 ಮೀಟರ್‌ನಂತೆ ನಡೆದು ಕಾನ್ಸರ್ಟ್‌ಖೆಬೌದ ಹಿಂದಿನ ಗೋಡೆ ಮುಟ್ಟಲು 0.13 ಸೆಕೆಂಡು ಬೇಕು. ರೇಡಿಯೊ ಅಲೆಯ ವೇಗದಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ 7,700 ಕಿಲೊಮೀಟರ್ ದೂರದ ಬೆಂಗಳೂರಿಗೆ 0.026 ಸೆಕೆಂಡು. ನಡುವೆ ಬೇರೇನೂ ಇರದಿದ್ದರೆ ಬಸವನಗುಡಿಯ ಕೇಳುಗರಿಗೆ ಕೊನೆಯ ಸಾಲಿನ ಶ್ರೋತೃವಿಗಿಂತ ಮೊದಲೇ ಹಾಡು ಕೇಳಿಸಬೇಕು. ಹಳೆಯ ಎಎಂ-ಎಫ್‌ಎಂ ಕಾಲದಲ್ಲಿ, ಪ್ರಸಾರ ತಲುಪುವಷ್ಟು ದೂರದವರೆಗೆ ಇದು ನಿಜವೂ ಆಗಿತ್ತು. ಡಿಜಿಟಲ್ ಯುಗ ಇದನ್ನು ತಲೆಕೆಳಗು ಮಾಡಿತು. ಕಂತು ಕಟ್ಟುವುದು, ತಪ್ಪು ತಿದ್ದುವ ಸಂಖ್ಯೆಗಳನ್ನು ಸೇರಿಸುವುದು, ದಾರಿಯಲ್ಲಿ ತಡವರಿಸಿದರೂ ಹಾಡು ಕಡಿಯದಂತೆ ಮುಂಗಡ ಕೂಡಿಡುವುದು ಎಲ್ಲ ಸೇರಿ ಇಂಟರ್‌ನೆಟ್ ಪ್ರಸಾರ ಅರ್ಧ ನಿಮಿಷ ಹಿಂದೆ ಬಿದ್ದರೂ ಆಶ್ಚರ್ಯವಿಲ್ಲ. ಬಿಬಿಸಿ 1924ರಿಂದ ಗಂಟೆ ತಿಳಿಸಲು ಕಳಿಸುತ್ತಿರುವ ಆರು ‘ಪಿಪ್’ಗಳನ್ನು ಡಿಜಿಟಲ್ ರೇಡಿಯೊದಲ್ಲಿ ಕೇಳಿ ಗಡಿಯಾರ ಸರಿಮಾಡಿಕೊಂಡರೆ ತಪ್ಪುತ್ತದೆ.

ಹಾಗಿದ್ದರೂ ‘ನೇರ’ ಎಂಬುದಕ್ಕೆ ಬೇರೊಂದು ಅರ್ಥ ಉಳಿದಿದೆ. ತಿದ್ದುವ ಅವಕಾಶ ಯಾರಿಗೂ ಇಲ್ಲ. ಗಾಯಕಿಯ ಉಸಿರು ತುಂಡಾದರೆ, ಯಾರೋ ಕೆಮ್ಮಿದರೆ, ಎಂಜಿನಿಯರ್ ಬೆರಳು ಕ್ಷಣ ತಡವಾದರೆ ಅದೆಲ್ಲವೂ ಕೇಳುಗನವರೆಗೆ ಬಂದೇ ಬರುತ್ತದೆ.

ಎರಡು ಕೋಣೆಗಳು

ಕೊನೆಯ ಕೊಂಡಿ ನಮ್ಮ ಮನೆ. ಸಾಮಾನ್ಯ ಕೋಣೆಯ ಅನುರಣನ ಅರ್ಧ ಸೆಕೆಂಡಿನಷ್ಟು. ಸ್ಪೀಕರ್‌ನ ಸದ್ದು ಪಕ್ಕದ ಗೋಡೆಗೆ ಬಡಿದು ಕೆಲವೇ ಮಿಲಿಸೆಕೆಂಡಿನಲ್ಲಿ ಕಿವಿಗೆ ಬರುತ್ತದೆ. ಆಮ್‌ಸ್ಟರ್‌ಡ್ಯಾಮಿನ ಗೋಡೆಗಳ ಸದ್ದು ಅದರ ಹಿಂದೆ. ಎರಡು ಕೋಣೆಗಳು ಒಂದರೊಳಗೊಂದು ಕೂತಿವೆ, ಆದರೂ ಮಿದುಳು ಗೊಂದಲಪಡುವುದಿಲ್ಲ. ಮೊದಲು ಬಂದ ಸದ್ದಿನಿಂದ ದಿಕ್ಕು ನಿರ್ಧರಿಸಿ, 30-40 ಮಿಲಿಸೆಕೆಂಡಿನೊಳಗೆ ಮರಳಿದ್ದನ್ನೆಲ್ಲ ಅದರಲ್ಲೇ ಬೆರೆಸಿಕೊಳ್ಳುತ್ತದೆ ಎಂದು ಜರ್ಮನ್ ವಿಜ್ಞಾನಿ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದರು. ಅದಕ್ಕಿಂತ ತೀರ ತಡವಾಗಿ ಮತ್ತು ಜೋರಾಗಿ ಬಂದದ್ದು ಮಾರ್ದನಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಗುಮ್ಮಟ 1871ರಿಂದ ಇಂಥ ಮಾರ್ದನಿಗೆ ಕುಖ್ಯಾತವಾಗಿತ್ತು. 1969ರಲ್ಲಿ ಛಾವಣಿಯಿಂದ ಅಣಬೆಯಾಕಾರದ ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಬಿಟ್ಟ ಮೇಲೆ ಅದು ಹತೋಟಿಗೆ ಬಂತು.

ನೆದರ್ಲೆಂಡ್ಸ್‌ನಲ್ಲಿ ಇಂದಿಗೂ ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಊರೂರಲ್ಲಿ ‘ಮ್ಯಾಥ್ಯೂ ಪ್ಯಾಶನ್’ ನಡೆಯುತ್ತದೆ. ಅಲ್ಲಿನ ಬೇಸಿಗೆ ಗಡಿಯಾರ ಶುರುವಾಗಿದ್ದರೆ ಸಂಜೆ ಏಳೂವರೆಯ ಕಛೇರಿ ನಮಗೆ ರಾತ್ರಿ ಹನ್ನೊಂದಕ್ಕೆ. ಇಂಥದೊಂದು ನೇರ ಪ್ರಸಾರ ಸಿಕ್ಕಿದರೆ ಒಂದು ಪ್ರಯೋಗ ಮಾಡಿ. ಎರಡು ಸೆಕೆಂಡಿನ ಅನುರಣನವೆಂದರೆ ಸದ್ದು ಸೆಕೆಂಡಿಗೆ 30 ಡೆಸಿಬೆಲ್‌ನಂತೆ ಇಳಿಯುತ್ತದೆ. ನಿಮ್ಮ ಸ್ಪೀಕರ್‌ನಲ್ಲಿ ವೃಂದ 75 ಡೆಸಿಬೆಲ್ ಮುಟ್ಟಿ ನಿಂತಿತೆನ್ನಿ. ಕೋಣೆಯಲ್ಲಿ ಫ್ಯಾನು 50 ಡೆಸಿಬೆಲ್ ಗದ್ದಲ ಎಬ್ಬಿಸುತ್ತಿದ್ದರೆ ಅನುರಣನ ಒಂದು ಸೆಕೆಂಡೂ ತುಂಬುವ ಮೊದಲೇ ಅದರಲ್ಲಿ ಮುಳುಗುತ್ತದೆ. ಫ್ಯಾನು ನಿಲ್ಲಿಸಿ ಗದ್ದಲವನ್ನು 35ಕ್ಕೆ ಇಳಿಸಿದರೆ ಇನ್ನೂ ಅರ್ಧ ಸೆಕೆಂಡು ಹೆಚ್ಚು ಕೇಳಿಸುತ್ತದೆ. ದುಬಾರಿ ಸ್ಪೀಕರ್ ಕೊಳ್ಳುವ ಮೊದಲು ಈ ಅರ್ಧ ಸೆಕೆಂಡನ್ನು ಪಡೆದುಕೊಳ್ಳಿ, ಅದಕ್ಕೆ ಖರ್ಚಾಗುವುದು ಸ್ವಲ್ಪ ಬೆವರು ಮಾತ್ರ.